ಇಶಾಪುರದ ಕೋವಿ ಡಲ್ಲಾಸ್‌ನಲ್ಲಿ ಸಿಕ್ಕಿದೆ, ಕೊಳ್ಳಲೇ?

ಪ್ರಶ್ನೆ: ನಾನು ಹಾಸನದವನು. ಹನ್ನೆರಡು ವರ್ಷದಿಂದ ಡಲ್ಲಾಸ್ ಹತ್ತಿರ ಇದ್ದೇನೆ, ಗ್ರೀನ್ ಕಾರ್ಡ್ ಇದೆ. ಅಪ್ಪ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಚಿಕ್ಕಂದಿನಲ್ಲಿ ಅವರ ಹೆಗಲ ಮೇಲೆ ನೋಡಿದ ತ್ರೀ ನಾಟ್ ತ್ರೀಯಂಥದ್ದೇ ಒಂದು ಕೋವಿಯನ್ನು ಕಳೆದ ವಾರ ಗನ್ ಶೋದಲ್ಲಿ ಕಂಡೆ. ಅದರ ಮೇಲೆ ಅಶೋಕ ಸ್ತಂಭದ ಸಿಂಹಗಳಿವೆ. ಆರ್‌ಎಫ್‌ಐ, 2ಎ1, 1967 ಎಂದು ಕೊರೆದಿದ್ದಾರೆ. "ಇದು .303ಯನ್ನೇ ಬದಲಾಯಿಸಿ 7.62 ಮಾಡಿದ್ದು, ಅಂಗಡಿಯಲ್ಲಿ ಸಿಗುವ ಯಾವ .308 ತೋಟಾ ಬೇಕಾದರೂ ಹಾಕಿ" ಎಂದು ಮಾರುವವನು ಹೇಳಿದ. ಕೊಳ್ಳಬಹುದೇ? ಹೊಡೆಯಲು ಸುರಕ್ಷಿತವೇ? ಮರ ಕಪ್ಪಾಗಿದೆ, ಪಾಲಿಶ್ ಮಾಡಿಸಲೇ? ಎಚ್-1ಬಿ ವೀಸಾದಲ್ಲಿರುವ ಗೆಳೆಯನನ್ನೂ ರೇಂಜ್‌ಗೆ ಕರೆದೊಯ್ಯಬಹುದೇ? ಮುಂದೆ ಊರಿಗೆ ತಂದು ಅಪ್ಪನಿಗೆ ತೋರಿಸಲು ದಾರಿ ಇದೆಯೇ?

ಉತ್ತರ: ಕೊಳ್ಳಬಹುದು. ಆದರೆ ಕೋವಿಗೆ ದುಡ್ಡು ಕೊಡಿ, ಮಾರುವವನ ಕತೆಗೆ ಕೊಡಬೇಡಿ. ಅವನು ಹೇಳಿದ ಎರಡು ಮಾತಿನಲ್ಲಿ ಮೊದಲನೆಯದು ತಪ್ಪು, ಎರಡನೆಯದು ಅಪಾಯ. ಅವನು ಬೇಕೆಂದು ಸುಳ್ಳು ಹೇಳಿದ್ದಾನೆ ಅಂತಲ್ಲ. ಗನ್ ಶೋಗಳಲ್ಲಿ ಈ ಮಾತು ಮೂವತ್ತು ವರ್ಷದಿಂದ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುತ್ತಲೇ ಇದೆ.

ನೀವು ನೋಡಿದ್ದು ನಿಮ್ಮ ತಂದೆಯವರ ತ್ರೀ ನಾಟ್ ತ್ರೀ ಅಲ್ಲ, ಅದರ ತಮ್ಮ ಅನ್ನಿ. ಅಣ್ಣನ ಪೂರ್ತಿ ಹೆಸರು ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್. ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಅದರ ಬೋಲ್ಟ್ ರೂಪಿಸಿದವರು ಜೇಮ್ಸ್ ಪ್ಯಾರಿಸ್ ಲೀ. ಎನ್‌ಫೀಲ್ಡ್ ಎನ್ನುವುದು ಇಂಗ್ಲೆಂಡಿನ ಸರ್ಕಾರಿ ಕೋವಿ ಕಾರ್ಖಾನೆ ಇದ್ದ ಊರು. 1907ರಲ್ಲಿ ಬಂದ ಮಾರ್ಕ್ 3 ಮಾದರಿಯನ್ನು, ಆಮೇಲೆ ಮೊದಲ ಮಹಾಯುದ್ಧದ ಅವಸರದಲ್ಲಿ ಕೆಲವು ಭಾಗ ಕೈಬಿಟ್ಟು ಮಾಡಿದ ಮಾರ್ಕ್ 3 ಸ್ಟಾರ್ ಮಾದರಿಯನ್ನು, ಕೋಲ್ಕತ್ತ ಹತ್ತಿರ ಹೂಗ್ಲಿ ದಂಡೆಯಲ್ಲಿರುವ ಇಶಾಪುರದ ರೈಫಲ್ ಕಾರ್ಖಾನೆ ದಶಕಗಟ್ಟಲೆ ತಯಾರಿಸಿತು. ಆರ್‌ಎಫ್‌ಐ ಎಂದರೆ ಅದೇ, ರೈಫಲ್ ಫ್ಯಾಕ್ಟರಿ ಇಶಾಪುರ. ಬ್ರಿಟಿಷರ ಕಾಲದ್ದಾದರೆ ಕಿರೀಟ ಮತ್ತು ಜಿಆರ್‌ಐ ಎಂಬ ಅಕ್ಷರ ಇರುತ್ತವೆ. ಸ್ವಾತಂತ್ರ್ಯದ ನಂತರದ್ದಾದರೆ ಸಿಂಹಗಳು. ಹತ್ತು ಗುಂಡಿನ ಮ್ಯಾಗಜೀನ್, ಬುಡದಲ್ಲಿ ಅಂಚು ಕಟ್ಟಿದ .303 ತೋಟಾ. ನಮ್ಮ ಪೊಲೀಸ್ ಠಾಣೆಗಳಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದದ್ದು ಇದೇ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಅಂದರೆ ಅದರ ಆಯಸ್ಸು ಲೆಕ್ಕ ಹಾಕಿ.

ತಮ್ಮ, ಅಂದರೆ ನೀವು ನೋಡಿದ ಕೋವಿ, ಹುಟ್ಟಿದ್ದು 1962ರ ಚೀನಾ ಯುದ್ಧದ ನಂತರ. ಆಗ ನಮ್ಮ ಸೇನೆ ತಾನೇ ತೋಟಾ ತುಂಬಿಕೊಳ್ಳುವ 7.62 ಮಿಲಿಮೀಟರಿನ ರೈಫಲ್ ಆದ ಎಸ್‌ಎಲ್‌ಆರ್‌ಗೆ ಬದಲಾಗುತ್ತಿತ್ತು. ಹೊಸ ರೈಫಲ್ ಎಲ್ಲರಿಗೂ ಸಿಗುವವರೆಗೆ ಅದೇ ತೋಟಾ ಹಾರಿಸುವ ಒಂದು ಸರಳ ಕೋವಿ ಬೇಕಿತ್ತು. ಇಶಾಪುರದವರು ಕೈಗೆ ಅಭ್ಯಾಸವಾಗಿದ್ದ ಮಾರ್ಕ್ 3ರ ಅಚ್ಚನ್ನೇ ತೆಗೆದುಕೊಂಡು ಇನ್ನೂ ಗಟ್ಟಿಯಾದ ಉಕ್ಕಿನಲ್ಲಿ ಹೊಸದಾಗಿ ಮಾಡಿದರು. ಅದು 2ಎ. ಮೊದಲು ಗುರಿಪಟ್ಟಿ (ದೂರಕ್ಕೆ ತಕ್ಕಂತೆ ಹೊಂದಿಸುವ ಹಿಂದಿನ ಗುರಿ) 2000ದವರೆಗೆ ಇತ್ತು. ಅಷ್ಟು ದೂರಕ್ಕೆ ಯಾರು ಹೊಡೆಯುತ್ತಾರೆ ಅಂತ ಅದನ್ನು 800ಕ್ಕೆ ಇಳಿಸಿದ್ದು 2ಎ1. ಮ್ಯಾಗಜೀನ್ ಹನ್ನೆರಡು ಗುಂಡಿನದು, ಕೆಳಗೆ ಚೌಕಾಕಾರ. ದೂರದಿಂದಲೇ ಗುರುತು ಸಿಗುತ್ತದೆ.

ಅಂದರೆ ಇದು ಬದಲಾಯಿಸಿದ ಕೋವಿ ಅಲ್ಲ, ಹುಟ್ಟುವಾಗಲೇ 7.62. ಈ ವ್ಯತ್ಯಾಸ ಸುಮ್ನೆ ಹಟಕ್ಕೆ ಹೇಳುತ್ತಿಲ್ಲ. 7.62 ತೋಟಾದ ಒತ್ತಡ .303ಕ್ಕಿಂತ ಜಾಸ್ತಿ. 1917ರ ಉಕ್ಕಿನ ಒಂದು ಮಾರ್ಕ್ 3ಕ್ಕೆ ಯಾರೋ ಗ್ಯಾರೇಜಿನಲ್ಲಿ 7.62 ನಳಿಗೆ ಕೂರಿಸಿದ್ದರೆ ಅದನ್ನು ನಾನು ಮುಟ್ಟುವುದಿಲ್ಲ, ಪಕ್ಕದ ಬೆಂಚಿನಲ್ಲಿ ಬೇರೆಯವರು ಹೊಡೆಯುತ್ತಿದ್ದರೆ ಎದ್ದು ಚಹಾ ಕುಡಿಯಲು ಹೋಗುತ್ತೇನೆ. ಇಶಾಪುರದ 2ಎ1 ಹಾಗಲ್ಲ. ಸ್ಥಿತಿ ಚೆನ್ನಾಗಿದ್ದರೆ ಅದು ತನ್ನ ತೋಟಾವನ್ನು ನಿಶ್ಚಿಂತೆಯಿಂದ ತಡೆದುಕೊಳ್ಳುತ್ತದೆ.

ತನ್ನ ತೋಟಾ ಅಂದೆ. ಇಲ್ಲಿಗೇ ಎರಡನೆಯ ಮಾತು ಬಂತು, .308 ಹಾಕಬಹುದೇ ಅಂತ. ಹೊರಗಿನಿಂದ ನೋಡಿದರೆ .308 ವಿಂಚೆಸ್ಟರ್ ಮತ್ತು ಸೇನೆಯ 7.62 ನೇಟೋ ತೋಟಾ ಅವಳಿ ಮಕ್ಕಳ ಹಾಗಿವೆ. ಈ ಬಗ್ಗೆ ಒಂದು ಹೆದರಿಕೆಯ ಲೆಕ್ಕವನ್ನೂ ನೀವು ಕೇಳಿರಬಹುದು: .308ರ ಒತ್ತಡ 62,000, ನೇಟೋದು 50,000 ಮಾತ್ರ, ಆದ್ದರಿಂದ ಕೋವಿ ಸಿಡಿಯುತ್ತದೆ ಅಂತ. ಈ ಹೋಲಿಕೆ ತಪ್ಪು. ಆ ಎರಡು ಅಂಕಿಗಳನ್ನು ಎರಡು ಬೇರೆ ವಿಧಾನದಲ್ಲಿ ಅಳೆದಿದ್ದಾರೆ. ಒಂದು ನೇರ ಒತ್ತಡ. ಇನ್ನೊಂದು ತಾಮ್ರದ ತುಂಡು ಎಷ್ಟು ಜಜ್ಜಿಹೋಯಿತು ಎಂದು ನೋಡಿ ಕಟ್ಟಿದ ಲೆಕ್ಕ. ಸೇರಿನಲ್ಲಿ ಅಳೆದದ್ದನ್ನೂ ಕೆಜಿಯಲ್ಲಿ ತೂಗಿದ್ದನ್ನೂ ಪಕ್ಕಪಕ್ಕ ಇಟ್ಟು ಜಗಳ ಆಡಿದ ಹಾಗೆ ಅದು.

ನಿಜವಾದ ವ್ಯತ್ಯಾಸ ಇರುವುದು ತೋಟಾ ಕೂರುವ ಗೂಡಿನ ಉದ್ದದಲ್ಲಿ. ಇದನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ಬೋಲ್ಟ್ ಮುಚ್ಚಿದಾಗ ಅದರ ಮುಖದಿಂದ ತೋಟಾದ ಹೆಗಲು, ಅಂದರೆ ಅದು ಕತ್ತಿನ ಕಡೆಗೆ ಸಪೂರವಾಗುವ ಭಾಗ, ತಾಗುವ ಜಾಗದವರೆಗಿನ ಅಳತೆ. .308ಕ್ಕೆ ಅದು 1.630 ಇಂಚಿನಿಂದ ಶುರುವಾಗುತ್ತದೆ, ಸೇನೆಯದಕ್ಕೆ 1.635ರಿಂದ. ಸವೆದ ಮೇಲೂ ಸೇನೆಯ ಕೋವಿಯನ್ನು 1.6455ರವರೆಗೆ ಒಪ್ಪುತ್ತಾರೆ, .308ನ್ನು 1.638ಕ್ಕೇ ತಳ್ಳಿಹಾಕುತ್ತಾರೆ. ಸೇನೆಯ ತೋಟಾದ ಹಿತ್ತಾಳೆ ದಪ್ಪ, ಸಡಿಲವಾದ ಗೂಡಿನಲ್ಲಿ ಎಳೆದಾಡಿದರೂ ತಡೆಯುತ್ತದೆ. ಅಂಗಡಿಯ .308ರ ಹಿತ್ತಾಳೆ ಹಲವು ಸಲ ತೆಳು. ಜೊತೆಗೆ ಲೀ ಬೋಲ್ಟಿನ ಒಂದು ಸ್ವಭಾವ ಇದೆ. ಮೌಸರ್ ಕೋವಿಗಳಲ್ಲಿ ಬೋಲ್ಟನ್ನು ಬಿಗಿಹಿಡಿಯುವ ಕಿವಿಗಳು ಮುಂದೆ, ತೋಟಾದ ಪಕ್ಕದಲ್ಲೇ ಇರುತ್ತವೆ. ಲೀಯಲ್ಲಿ ಅವು ಹಿಂದೆ. ಆದ್ದರಿಂದಲೇ ಅದನ್ನು ಅಷ್ಟು ಚುರುಕಾಗಿ ಎಳೆದು ತಳ್ಳಬಹುದು. ಹಿಂದಿನ ಕಾಲದ ಬ್ರಿಟಿಷ್ ಸಿಪಾಯಿ 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಗುಂಡು ಹೊಡೆಯುವ ಪರೀಕ್ಷೆ ಪಾಸು ಮಾಡುತ್ತಿದ್ದದ್ದು ಈ ಅನುಕೂಲದಿಂದ. ಆದರೆ ಗುಂಡು ಹಾರಿದ ಕ್ಷಣ ಉದ್ದದ ಬೋಲ್ಟ್ ಒಂದಿಷ್ಟು ಕುಗ್ಗುತ್ತದೆ. ಅಷ್ಟರಲ್ಲಿ ಹಿತ್ತಾಳೆ ಹಿಗ್ಗುತ್ತದೆ. ಹಿಗ್ಗಿ ಹಿಗ್ಗಿ ಬುಡದ ಹತ್ತಿರ ಹರಿದರೆ ಬಿಸಿ ಗಾಳಿ ನಿಮ್ಮ ಕಣ್ಣಿನ ಕಡೆಗೇ ಬರುತ್ತದೆ.

ವರ್ಷಗಟ್ಟಲೆ .308 ಹಾಕಿ ಏನೂ ಆಗದವರು ಇದ್ದಾರೆ, ನನ್ನ ಪರಿಚಯದವರೇ ಇದ್ದಾರೆ. ಆದರೂ ನನ್ನ ಉತ್ತರ ಬೇಡ ಎಂದೇ. ಡಬ್ಬಿಯ ಮೇಲೆ 7.62x51 ನೇಟೋ ಎಂದು ಬರೆದದ್ದನ್ನೇ ಕೊಳ್ಳಿ. ಬೇಟೆಗೆ ಮಾಡಿದ ಜೋರು .308ರ ಹತ್ತಿರ ಹೋಗಲೇಬೇಡಿ. ಕನ್ನಡಕ ಇಲ್ಲದೆ ಕೋವಿ ಮುಟ್ಟಬೇಡಿ. ನಂಬರಿನ ಕನ್ನಡಕ ಸಾಲದು, ಪಕ್ಕಗಳನ್ನೂ ಮುಚ್ಚುವ ಶೂಟಿಂಗ್ ಕನ್ನಡಕ ಬೇಕು.

ಈಗ ಮುಂದಿನ ಶನಿವಾರ ಮತ್ತೆ ಆ ಮೇಜಿನ ಮುಂದೆ ನಿಂತಾಗ ಏನು ನೋಡಬೇಕು ಅಂತ ಹೇಳುತ್ತೇನೆ. ಒಂದು ಸಣ್ಣ ಟಾರ್ಚ್ ಜೇಬಿನಲ್ಲಿರಲಿ. ಮೊದಲು ನಂಬರ್ ನೋಡಿ. ಬೋಲ್ಟ್ ಹಿಡಿಯ ಹಿಂಬದಿಯಲ್ಲಿ ಒಂದು ನಂಬರ್ ಇರುತ್ತದೆ, ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಾದ ರಿಸೀವರ್ ಮೇಲೂ ಇರುತ್ತದೆ. ಎರಡೂ ಒಂದೇ ಆಗಿದ್ದರೆ ಅರ್ಧ ಚಿಂತೆ ಕಳೆಯಿತು. ಬೇರೆ ಬೇರೆ ಇದ್ದರೆ ಬೋಲ್ಟ್ ಇನ್ನೊಂದು ಕೋವಿಯದು. ಹೆಡ್‌ಸ್ಪೇಸ್ ಅಳೆಸದೆ ಒಂದು ಗುಂಡೂ ಹಾರಿಸುವಂತಿಲ್ಲ. ಎರಡನೇ ಮಹಾಯುದ್ಧದ ನಂಬರ್ 4 ಕೋವಿಯಲ್ಲಾದರೆ ಬೋಲ್ಟಿನ ತಲೆಗೆ 0, 1, 2, 3 ಎಂದು ಅಳತೆ ಇರುತ್ತದೆ, ಒಂದನ್ನು ಬಿಚ್ಚಿ ಇನ್ನೊಂದನ್ನು ತಿರುಗಿಸಿದರೆ ಗೂಡು ಸರಿಹೋಗುತ್ತದೆ. ಮಾರ್ಕ್ 3ರ ವಂಶಕ್ಕೆ ಆ ಸೌಕರ್ಯ ಇಲ್ಲ. ಹೊಂದುವ ತಲೆ ಸಿಗುವವರೆಗೆ ಒಂದೊಂದೇ ಹಾಕಿ ನೋಡಬೇಕು.

ಆಮೇಲೆ ಬೋಲ್ಟ್ ತೆಗೆಯಲು ಅವನಿಗೇ ಹೇಳಿ. ಪೂರ್ತಿ ಹಿಂದಕ್ಕೆ ಎಳೆದು, ತಲೆಯನ್ನು ಮೇಲಕ್ಕೆ ಚಿಮ್ಮಿಸಿದರೆ ಹೊರಗೆ ಬರುತ್ತದೆ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಸುರುಳಿಯಾಗಿ ಕೊರೆದ ಗೀರುಗಳ ಅಂಚು ಚೂಪಾಗಿ ಕಂಡರೆ ಒಳ್ಳೆಯದು. ಒಳಗೆ ಕಪ್ಪಗಿದೆ ಎಂದ ಮಾತ್ರಕ್ಕೆ ಬಿಡಬೇಡಿ, ಹಳೆಯ ಗ್ರೀಸ್ ಇರಬಹುದು. ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿದ್ದರೆ ಬೆಲೆ ಇಳಿಸಿ ಅನ್ನಿ. ಮುಂದಿನ ಮರದಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಕಂಡರೆ ಗಾಬರಿ ಬೇಡ. ಅದು ಯಾರೋ ಮಾಡಿದ ರಿಪೇರಿ ಅಲ್ಲ, ಮರ ಸೀಳದಿರಲಿ ಎಂದು ಇಶಾಪುರದವರೇ ಹಾಕುತ್ತಿದ್ದದ್ದು. ಸಂಗ್ರಾಹಕರು ಅದನ್ನು ‘ಇಶಿ ಸ್ಕ್ರೂ’ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ಆಮದು ಮಾಡಿದವರ ಸಣ್ಣ ಮುದ್ರೆ ನಳಿಗೆಯ ಮೇಲೋ ರಿಸೀವರ್ ಮೇಲೋ ಇದ್ದೇ ಇರುತ್ತದೆ. ಅಮೆರಿಕದ ಕಾನೂನಿಗೆ ಬೇಕಾದದ್ದು ಅದು, ತಪ್ಪೇನಲ್ಲ.

ಆದರೆ ಎಲ್ಲಾದರೂ ಡಿಪಿ ಎಂಬ ಎರಡು ಅಕ್ಷರ ಕಂಡರೆ ಕೆಳಗಿಟ್ಟುಬಿಡಿ. ಡ್ರಿಲ್ ಪರ್ಪಸ್. ಕವಾಯತಿಗೆ ಮಾತ್ರ, ಗುಂಡಿಗಲ್ಲ. ಹಾಗೆಯೇ ಪಕ್ಕದ ಮೇಜಿನಲ್ಲಿ ಗಿಡ್ಡ ನಳಿಗೆ, ತುದಿಯಲ್ಲಿ ಆಲಿಕೆಯಾಕಾರದ ಮೂತಿ ಇರುವ 7.62 ‘ಜಂಗಲ್ ಕಾರ್ಬೈನ್’ ಇಟ್ಟುಕೊಂಡು ಬರ್ಮಾ ಯುದ್ಧದ ಕತೆ ಹೇಳುವವನು ಸಿಕ್ಕರೆ ನಗುತ್ತಾ ಮುಂದೆ ಹೋಗಿ. ನಿಜವಾದದ್ದು ನಂಬರ್ 5, ಅದು .303. 7.62ರಲ್ಲಿ ಇರುವುದು ಬಹುಪಾಲು ನಿಮ್ಮ 2ಎ1ರಂಥದ್ದನ್ನೇ ಅಮೆರಿಕದಲ್ಲಿ ಕತ್ತರಿಸಿ ಮಾಡಿದ್ದು.

ಕೊಂಡ ಮೇಲೆ ನೇರ ರೇಂಜ್‌ಗೆ ಹೋಗಬೇಡಿ. ಹಳೆಯ ಸೇನಾ ಕೋವಿ ಗೊತ್ತಿರುವ ಗನ್‌ಸ್ಮಿತ್ ಒಬ್ಬರಿಗೆ ಕೊಟ್ಟು ಗೇಜ್ ಹಾಕಿ ಗೂಡಿನ ಉದ್ದ ಅಳೆಸಿ. ಐದು ನಿಮಿಷದ ಕೆಲಸ. ಮೊದಲ ದಿನ ಒಂದೊಂದೇ ತೋಟಾ ಹಾಕಿ ಹತ್ತು ಗುಂಡು ಹೊಡೆಯಿರಿ, ಸಾಕು. ಪ್ರತಿ ಖಾಲಿ ಹಿತ್ತಾಳೆಯನ್ನೂ ಎತ್ತಿ ನೋಡಿ. ಬುಡಕ್ಕಿಂತ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ ಅಲ್ಲಿ ಹಿತ್ತಾಳೆ ತೆಳುವಾಗುತ್ತಿದೆ ಎಂದರ್ಥ. ಒಂದು ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೆ ಕೆರೆದು ನೋಡಿ. ತಗ್ಗು ತಾಗಿದರೆ ಆಟ ಅಲ್ಲಿಗೇ ನಿಲ್ಲಲಿ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಬೋಲ್ಟ್ ತಕ್ಷಣ ತೆಗೆಯಬೇಡಿ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ಹಳೆಯ ತೋಟಾ ಕೆಲವೊಮ್ಮೆ ಯೋಚನೆ ಮಾಡಿ ಸಿಡಿಯುತ್ತದೆ.

ಅಣ್ಣ ತಮ್ಮ ಇಬ್ಬರನ್ನೂ ಇಟ್ಟುಕೊಂಡಿರುವ ನನ್ನ ಅನುಭವದಲ್ಲಿ 2ಎ1 ಹೊಡೆಯಲು ಸಲೀಸು. .303 ತೋಟಾಕ್ಕೆ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಬೋಲ್ಟ್ ಅಲುಗುವುದಿಲ್ಲ. ನಾನು ಮೊದಲ ಸಲ ರೇಂಜ್‌ಗೆ ಹೋದಾಗ ಹಾಗೇ ಆಗಿ, ಹತ್ತು ನಿಮಿಷ ಬೆವರು ಒರೆಸಿಕೊಂಡಿದ್ದೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಮ್ಯಾಗಜೀನ್ ತೆಗೆದು, ಪ್ರತಿ ಅಂಚನ್ನೂ ಕೆಳಗಿನದರ ಮುಂದೆ ಬರುವಂತೆ ಜೋಡಿಸಿ ಕೊಟ್ಟರು. 7.62ಕ್ಕೆ ಆ ಕಾಟ ಇಲ್ಲ. ಹೆಗಲಿಗೆ ಪೆಟ್ಟು ಮಾತ್ರ ಎರಡರಲ್ಲೂ ಬೀಳುತ್ತದೆ. ಹೆಗಲಿಗೆ ಒತ್ತುವ ಬಟ್ ಪ್ಲೇಟ್ ಲೋಹದ್ದು, ರಬ್ಬರ್ ಅಲ್ಲ. ದಪ್ಪ ಅಂಗಿ ಹಾಕಿಕೊಂಡು ಹೋಗಿ.

ತೊಳೆಯುವ ವಿಷಯ. ಇವತ್ತಿನ ತೋಟಾ ಆದರೆ ಮಾಮೂಲಿ ಎಣ್ಣೆ ಸಾಕು. ಹಳೆಯ ಸೇನಾ ತೋಟಾ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರಬಹುದು. ಸುಟ್ಟ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರಾಡುವುದು ಗೊತ್ತಲ್ಲ, ನಳಿಗೆಯೊಳಗೂ ಅದೇ ಆಗುತ್ತದೆ. ಎರಡು ದಿನದಲ್ಲಿ ತುಕ್ಕು. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಕುದಿಯುವ ನೀರನ್ನು ಹಿಂದಿನಿಂದ ಸುರಿದು, ಒರೆಸಿ, ಆಮೇಲೆ ಎಣ್ಣೆ ಹಾಕಿ. ಗಾಜು ಒರೆಸುವ ಅಮೋನಿಯಾ ದ್ರಾವಣವೇ ಬೇಕು ಎನ್ನುವವರಿದ್ದಾರೆ. ಅದರಲ್ಲೂ ಕೆಲಸ ಮಾಡುವುದು ನೀರೇ.

ಇನ್ನು ಪಾಲಿಶ್. ದಯವಿಟ್ಟು ಬೇಡ. ಇದನ್ನು ಹೊಟ್ಟೆ ಉರಿಯಿಂದ ಹೇಳುತ್ತಿದ್ದೇನೆ. ನಾನು ಕೊಂಡ ಮೊದಲ ಮಾರ್ಕ್ 3 ಸ್ಟಾರ್ ಕೂಡ ಎಣ್ಣೆ ಕುಡಿದು ಕರ್ರಗಾಗಿತ್ತು. ಊರಿನಲ್ಲಿ ದೀಪಾವಳಿಗೆ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡುತ್ತಿದ್ದ ಮನೆಯಿಂದ ಬಂದವನು ನಾನು. ಒಂದು ಭಾನುವಾರ ಕೂತು ಮರಳು ಕಾಗದದಲ್ಲಿ ಉಜ್ಜಿಬಿಟ್ಟೆ. ಚಂದ ಆಯಿತು. ಬಟ್ಟಿನ ಮೇಲೆ ಕಾರ್ಖಾನೆಯವರು ಒತ್ತಿದ ಗುಂಡು ಮುದ್ರೆ, ರಿಪೇರಿ ವರ್ಷ, ಯಾವನೋ ಸಿಪಾಯಿ ಚಾಕುವಿನಲ್ಲಿ ಕೊರೆದ ಎರಡು ಅಕ್ಷರ, ಎಲ್ಲ ಪುಡಿಯಾಗಿ ನೆಲಕ್ಕೆ ಬಿತ್ತು. ಬೆಲೆ ಅರ್ಧ ಬಿತ್ತು ಅನ್ನುವುದು ಬಿಡಿ, ಆ ಎರಡು ಅಕ್ಷರ ಏನಿತ್ತು ಎಂದು ಬರೆದಾದರೂ ಇಟ್ಟುಕೊಳ್ಳಲಿಲ್ಲ.

ಮಾಡಬೇಕಾದದ್ದು ಇಷ್ಟೇ. ಒಣ ಬಟ್ಟೆಯಿಂದ ಕೊಳೆ ತೆಗೆಯಿರಿ. ಹಸಿ ಅಗಸೆ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ತೆಳ್ಳಗೆ ತಿಕ್ಕಿ, ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಒರೆಸಿ. ಬ್ರಿಟಿಷ್ ಸೇನೆಯವರೂ ಮರಕ್ಕೆ ಕುಡಿಸುತ್ತಿದ್ದದ್ದು ಇದೇ ಎಣ್ಣೆ. ನಮ್ಮ ಉತ್ತರ ಕರ್ನಾಟಕದವರು ಚಟ್ನಿ ಪುಡಿ ಮಾಡುವ ಅಗಸಿಯೇ. ಒಂದು ಎಚ್ಚರಿಕೆ: ಆ ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ. ಲೋಹಕ್ಕೆ ಹೊಸ ಬಣ್ಣ ಹಾಕಿಸುವುದೂ ಬೇಡ. ಸವೆದ ಜಾಗದಲ್ಲಿ ಯಾರೋ ವರ್ಷಾನುಗಟ್ಟಲೆ ಹಿಡಿದು ನಡೆದದ್ದು ಕಾಣುತ್ತದೆ, ನೀವು ಕೊಳ್ಳುತ್ತಿರುವುದೂ ಅದನ್ನೇ ಅಲ್ವಾ?

ಕಾನೂನಿನ ಪ್ರಶ್ನೆಗಳು. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ಲೈಸೆನ್ಸ್ ಇರುವ ಡೀಲರ್ ಹತ್ತಿರ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಮುಂದೆ ಹುಚ್ಚು ಹೆಚ್ಚಾದರೆ ಸಂಗ್ರಾಹಕರಿಗೆಂದೇ ‘ಕ್ಯೂರಿಯೋ ಅಂಡ್ ರೆಲಿಕ್’ ಲೈಸೆನ್ಸ್ ಇದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕೋವಿಗಳಿಗೆ ಅದು ಅನ್ವಯ. 1967ರದ್ದು ಸೇರುತ್ತದೆ. ಕತ್ತರಿಸಿ ಬದಲಾಯಿಸಿದ್ದು ಸೇರುವುದಿಲ್ಲ. 

ನಿಮ್ಮ ಗೆಳೆಯನ ವಿಷಯ ಹಾಗಲ್ಲ, ಇದನ್ನು ನಮ್ಮವರು ತುಂಬಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ರೇಂಜಿನಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿದದ್ದನ್ನೂ ‘ಹೊಂದುವುದು’ ಎಂದು ಪರಿಗಣಿಸಬಹುದು. ವಿನಾಯಿತಿಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಒಂದು ಸೆಲ್ಫಿಯ ಆಸೆಗೆ ಅವನ ವೀಸಾ ಪಣಕ್ಕಿಡಬೇಡಿ. ಬೇಟೆ ಲೈಸೆನ್ಸ್ ಕೈಗೆ ಬಂದು, ವಕೀಲರನ್ನು ಒಂದು ಮಾತು ಕೇಳಿದ ಮೇಲೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಮನೆಯಲ್ಲಿ ಕಾಫಿ ಕುಡಿಯಲಿ.

ಊರಿಗೆ ತರುವ ಆಸೆ ಬಿಡಿ. ಭಾರತದಲ್ಲಿ .303 ಮತ್ತು 7.62 ಎರಡೂ ನಿಷೇಧಿತ ಅಳತೆಗಳು, ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಇದು ಇವತ್ತಿನ ಕತೆಯೂ ಅಲ್ಲ. ಸೇನೆಯ ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರೇ ಖಾಸಗಿಯವರಿಗೆ .303 ನಿಲ್ಲಿಸಿದ್ದರು. ನಮ್ಮಲ್ಲಿ ತೋಟದ ಮನೆಗಳಲ್ಲಿ ಕಾಣುವ .315 ಬೋರಿನ ರೈಫಲ್ ಚಾಲ್ತಿಗೆ ಬಂದದ್ದು ಹಾಗೆ. ಅದೂ ಇಶಾಪುರದ್ದೇ, ಅದೇ ಲೀ ಬೋಲ್ಟ್, ತೋಟಾ ಮಾತ್ರ ಬೇರೆ. ಇನ್ನೊಂದು ವಿಷಯ ಮರೆಯಬೇಡಿ. ರೇಂಜ್‌ಗೆ ಒಯ್ಯುವ ಚೀಲವನ್ನು ಊರಿಗೆ ಬರುವಾಗ ಬಳಸಲೇಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯ ಕೇಸು, ರಜೆಯೆಲ್ಲ ಕೋರ್ಟಿನಲ್ಲಿ.

ತಂದೆಯವರಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿ. ಬಟ್ ಪ್ಲೇಟಿನ ಸಣ್ಣ ಬಾಗಿಲು ತೆಗೆದು ಒಳಗೆ ಎಣ್ಣೆ ಬಾಟಲಿ, ನಳಿಗೆ ಒರೆಸುವ ಪುಲ್ ಥ್ರೂ ಹಗ್ಗ ಇವೆಯಾ ನೋಡಿ. ಆ ಹಗ್ಗಕ್ಕೆ ಸಿಕ್ಕಿಸುವ ಬಟ್ಟೆ ತುಂಡಿಗೆ ಠಾಣೆಯಲ್ಲೂ ಸೇನೆಯಲ್ಲೂ ಹೇಳುತ್ತಿದ್ದದ್ದು ‘ಚಿಂದಿ’ ಎಂದೇ. ಹೇಗೆ ಎಳೆಯಬೇಕೆಂದು ಅವರೇ ಹೇಳಿಕೊಡುತ್ತಾರೆ, ನನಗಿಂತ ಚೆನ್ನಾಗಿ. ಹಾಗೇ ಒಂದು ಮಾತು ಕೇಳಿ: ಅವರ ಹೆಗಲ ಮೇಲಿದ್ದದ್ದು ನಿಜವಾಗಿ ತ್ರೀ ನಾಟ್ ತ್ರೀಯೇ, ಅಥವಾ .410 ಮಸ್ಕೆಟ್ಟೇ? ಇಶಾಪುರದವರು ಎಷ್ಟೋ ಹಳೆಯ .303 ಕೋವಿಗಳ ನಳಿಗೆಯನ್ನು ನುಣುಪು ಮಾಡಿ, ಮ್ಯಾಗಜೀನ್ ಜಾಗಕ್ಕೆ ಮರದ ತುಂಡು ಕೂರಿಸಿ ಪೊಲೀಸರಿಗೆ ಕಾವಲಿಗೆಂದು ಕೊಟ್ಟಿದ್ದರು. ದೂರದಿಂದ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹತ್ತು ಗುಂಡು ತುಂಬುತ್ತಿದ್ದರೋ, ಒಂದೊಂದೇ ಹಾಕುತ್ತಿದ್ದರೋ ಎಂದು ಕೇಳಿದರೆ ಗೊತ್ತಾಗುತ್ತದೆ. ಏನು ಹೇಳಿದರೆಂದು ನನಗೂ ಒಂದು ಸಾಲು ಬರೆಯಿರಿ.